ತಾಳಿ ತೆಗೆದಿಟ್ಟು ಚಿನ್ನ ಹುಡುಕುವಾಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಿರಾದಿಂದ ಮಧುಗಿರಿಗೆ ಹೋಗುವ ದಾರಿಯ ಪಕ್ಕದ ತಗಡಿನ ಶೆಡ್ಡಿನ ಬಾಗಿಲಲ್ಲಿ ಕಮಲಾಕ್ಷಮ್ಮ ಓಲೆ ಬಿಚ್ಚುತ್ತಾರೆ, ಮೂಗುಬೊಟ್ಟು ತೆಗೆಯುತ್ತಾರೆ. ಆಮೇಲೆ ಕೊರಳಿನ ತಾಳಿಯನ್ನೇ ಕಳಚಿ, ಮೊಪೆಡ್ ಹಿಡಿದು ನಿಂತಿರುವ ಗಂಡ ರೇಣುಕಯ್ಯನವರ ಕೈಗಿಡುತ್ತಾರೆ. ಗಂಡ ಗುಂಡುಕಲ್ಲಿನಂತೆ ಎದುರಿಗೇ ಇರುವಾಗ ತಾಳಿ ತೆಗೆಯುವ ಹೆಂಗಸನ್ನು ನಾನು ಎಲ್ಲೂ ಕಂಡಿಲ್ಲ. ರೇಣುಕಯ್ಯ ಮಾತ್ರ ಏನೂ ಆಗದವರಂತೆ ಜೇಬಿನಿಂದ ಅರಿಶಿನದ ಕೊಂಬಿನ ದಾರ ತೆಗೆದು ಹೆಂಡತಿಯ ಕೊರಳಿಗೆ ಕಟ್ಟಿ ಹೊರಡುತ್ತಾರೆ.

“ದಿನಾ ಬೆಳಗಾದ್ರೆ ನಂಗೆ ಮದ್ವೆ ಸಾ,” ಎಂದು ಕಮಲಾಕ್ಷಮ್ಮ ನಗುತ್ತಾರೆ.

ಇದು ಚಿನ್ನದ ನಿಕ್ಷೇಪ ಹುಡುಕುವ ಕಂಪನಿಯೊಂದರ ಶೆಡ್ಡು. ಒಳಗೆ ಮಾತ್ರ ಗುಲಗಂಜಿಯಷ್ಟೂ ಚಿನ್ನ ಬರುವಂತಿಲ್ಲ. ನೆಲ ಕೊರೆದು ತೆಗೆದ ಕಲ್ಲನ್ನು ಉದ್ದಕ್ಕೆ ಸೀಳಿ ಅರ್ಧ ಎತ್ತಿಡುತ್ತಾರೆ. ಉಳಿದರ್ಧವನ್ನು ಕಮಲಾಕ್ಷಮ್ಮ ಯಂತ್ರಕ್ಕೆ ಹಾಕಿ ಪುಡಿ ಮಾಡಿ, ಜರಡಿ ಹಿಡಿದು, ಪರೀಕ್ಷೆಗೆ ಕಳಿಸಲು ಕಟ್ಟುತ್ತಾರೆ. ಒಂದು ಟನ್ ಕಲ್ಲಿನಲ್ಲಿ ಎರಡು ಮೂರು ಗ್ರಾಂ ಸಿಕ್ಕರೆ ಹಬ್ಬ ಮಾಡುವ ಕಸುಬಂತೆ ಇದು. ಕೇಳಿ ದಂಗಾದೆ. ಹಾಗಾಗಿ ಮೈಮೇಲಿನ ಒಡವೆ ಒಂದಿಷ್ಟು ಉಜ್ಜಿದರೂ ಲೆಕ್ಕವೆಲ್ಲ ತಲೆಕೆಳಗು.

ಚಿನ್ನ ಎಲ್ಲೆಂದರಲ್ಲಿ ಇರುವುದಿಲ್ಲ. ಬಂಡೆ ಬಿರಿದು, ಎರಡು ಕಡೆಯ ಭಾಗಗಳು ಒಂದನ್ನೊಂದು ತಿಕ್ಕಿಕೊಂಡು ಸರಿದ ಜಾಗವನ್ನು ಭೂವಿಜ್ಞಾನಿಗಳು ಸ್ತರಭಂಗ ಎನ್ನುತ್ತಾರೆ. ಕಮಲಾಕ್ಷಮ್ಮನವರ ಬಾಯಲ್ಲಿ ಅದು ಸೀಳು. “ಒಳಗಿನ ಬಿಸಿನೀರು ಆ ಸೀಳಲ್ಲಿ ಮೇಲಕ್ಕೆ ಬರ್ತಾ ಚಿನ್ನಾನೂ ಹೊತ್ಕೊಂಬತ್ತದಂತೆ. ಅಲ್ಲೇ ಬೆಣಚುಕಲ್ಲಿನ ಜೊತೆ ಬುಟ್ಟೋಯ್ತದಂತೆ. ಕಲ್ಲು ನೋಡೋ ನಮ್ ಮುಸವೀರ್ ಸಾರ್ ಹೇಳಿದ್ದು.”

ಮೊದಲು ಅವರು ಶಿರಾದ ಕಡಲೆಕಾಯಿ ಮಂಡಿಯಲ್ಲಿದ್ದರು. “ಧೂಳು ಅಲ್ಲೂ ಇತ್ತು, ಇಲ್ಲೂ ಅದೆ. ಇಲ್ಲಿ ತಿಂಗಳಾದ್ರೆ ಸಂಬಳ ಬತ್ತದೆ.” ಆ ಸಂಬಳಕ್ಕಾಗಿ ಹಗಲೆಲ್ಲ ಬರಿಗೊರಳಲ್ಲಿ ದುಡಿಯುತ್ತಿದ್ದರು. ಅತ್ತೆ ಮುಖ ಗಂಟಿಕ್ಕಿಕೊಂಡೇ ಸಹಿಸಿದ್ದರು.

ಈ ಸಲದ ಭೀಮನ ಅಮಾವಾಸ್ಯೆಯಂದು ಸಹಿಸಲಿಲ್ಲ. ಗಂಡನ ಪಾದಪೂಜೆ ಮಾಡಿದ ದಿನವೇ ತಾಳಿ ತೆಗೆದರೆ ಹೊಸಿಲು ತುಳಿಯಬೇಡ ಎಂದರು. ಕಮಲಾಕ್ಷಮ್ಮ ತಾಳಿಯನ್ನು ರವಿಕೆಯೊಳಗೆ ಸೇರಿಸಿಕೊಂಡು ಕೆಲಸಕ್ಕೆ ಬಂದರು. ಬಗ್ಗಿ ಜರಡಿ ಆಡಿಸುವಾಗ ಅದು ಜಾರಿ ಕಲ್ಲಿನ ಪುಡಿಗೆ ಉಜ್ಜಿತು. ಗಾಬರಿಯಿಂದ ಒಳಗೆ ತಳ್ಳಿಕೊಂಡರು, ಯಾರಿಗೂ ಹೇಳಲಿಲ್ಲ.

ಕೆಲವು ವಾರಗಳ ನಂತರ ಫಲಿತಾಂಶ ಬಂತು. ಸೀಳಿನಿಂದ ಬಲು ದೂರದ ಗಟ್ಟಿ ಬಂಡೆಯಲ್ಲಿ ಚಿನ್ನ! ಅಲ್ಲಿಯವರೆಗೆ ಎಲ್ಲೂ ಏನೂ ಸಿಗದೆ, ಶೆಡ್ಡಿಗೆ ಬೀಗ ಹಾಕುವ ಮಾತು ನಡೆದಿತ್ತು. ಈಗ ಎಲ್ಲರ ಕೆಲಸವೂ ಉಳಿಯಿತೆಂದು ಪೇಡ ಹಂಚಿದರು.

“ಪೇಡ ಈಸ್ಕೊಂಡು ಸೆರಗಿಗೆ ಕಟ್ಕೊಂಡೆ. ಚಿನ್ನ ಕಂಡಿದ್ದು ಅಮಾಸೆ ದಿನದ ಪುಡೀಲಿ. ಸುಮ್ಕಿದ್ದಿದ್ರೆ ನನ್ ಕೆಲ್ಸಾನೂ ಉಳೀತಿತ್ತು, ಎಲ್ರುದೂ ಉಳೀತಿತ್ತು.”

ಸುಮ್ಮನಿರಲಿಲ್ಲ. ಶಿರಾದವರೇ ಆದ ಯುವ ಭೂವಿಜ್ಞಾನಿ ಮುಸವೀರ್ ಅವರ ಮುಂದೆ ನಿಂತು ಎಲ್ಲ ಹೇಳಿಬಿಟ್ಟರು. “ಮೊದಲು ಆ ದಿನದ ಕಲ್ಲಿನ ಪಟ್ಟಿ ತೆಗೆದೆ,” ಎನ್ನುತ್ತಾರೆ ಮುಸವೀರ್. “ಎತ್ತಿಟ್ಟಿದ್ದ ಅರ್ಧ ಕಲ್ಲನ್ನು ಪರೀಕ್ಷೆ ಮಾಡಿಸಿದ್ವಿ. ಚಿನ್ನದ ಸುಳಿವೇ ಇರಲಿಲ್ಲ.” ಪೇಡ ತಿಂದವರಲ್ಲಿ ಕೆಲವರು ಇಂದಿಗೂ ಆಕೆಯನ್ನು ಮಾತನಾಡಿಸುವುದಿಲ್ಲ. ಅವರ ಜಾಗದಲ್ಲಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇ? ಅನುಮಾನ.

ಮುಸವೀರ್ ಅವರಿಗೆ ಹೇಳಿದ ದಿನ ಸಂಜೆ ಕಮಲಾಕ್ಷಮ್ಮ ಮನೆಯಲ್ಲೂ ಎಲ್ಲ ಹೇಳಿದಾಗ, ಅತ್ತೆ ಸೊಸೆಯ ತಾಳಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಅಂಚು ಕೊಂಚ ಸವೆದಿತ್ತು. ಮರುದಿನ ಬೆಳಿಗ್ಗೆ ಅರಿಶಿನದ ಕೊಂಬಿಗೆ ದಾರ ಸುತ್ತಿ ಮಗನ ಕೈಗೆ ಕೊಟ್ಟವರು ಅವರೇ.

ಕಂಪನಿ ಸೀಳಿನ ಮೇಲೆಯೇ ಕೊನೆಯದಾಗಿ ಒಂದು ಕಡೆ ಕೊರೆಸಿದೆ. ಅದರ ಫಲಿತಾಂಶ ಇಷ್ಟರಲ್ಲೇ ಬರಲಿದೆ. ಅದರಲ್ಲೂ ಇಲ್ಲವೆಂದಾದರೆ ಶೆಡ್ಡಿಗೆ ಬೀಗ, ಕಮಲಾಕ್ಷಮ್ಮ ಮತ್ತೆ ಮಂಡಿಗೆ. ಇಲ್ಲಿಯತನಕ ಈ ಶೆಡ್ಡಿನ ಪುಡಿಯಲ್ಲಿ ಕಂಡ ಚಿನ್ನವೆಂದರೆ ಆಕೆಯ ತಾಳಿಯದ್ದೊಂದೇ.

ಭಯವಿಲ್ಲವೇ ಎಂದು ಕೇಳಿದರೆ ಜರಡಿ ತಟ್ಟುತ್ತಲೇ ಉತ್ತರಿಸುತ್ತಾರೆ: “ಅದೆ ಸಾ, ಇಲ್ದೆ ಏನು. ಸಿಕ್ರೆ ಸೀಳಿಂದ್ಲೇ ಸಿಗ್ಲಿ. ನನ್ ಕೊರಳಿಂದ ಬ್ಯಾಡ.”