ಮೇಷ್ಟ್ರು ಮಾರಿದ ಕಾರು

ನಾನು ಕಾರು ಕೊಳ್ಳಲು ಹೊರಟಾಗ ಮೈಸೂರಿನಲ್ಲಿ ಕಾರು ಓಡಿಸುವ ಹೆಂಗಸರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದಿತ್ತು. ನನಗೆ ಅದು ಶೋಕಿಗೆ ಬೇಕಾಗಿರಲಿಲ್ಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ಒಂಟಿಕೊಪ್ಪಲಿನ ಒಂದು ಸಣ್ಣ ಮನೆಯ ಮುಂದಿನ ಕೋಣೆಯಲ್ಲಿ ಹೆರಿಗೆ ಡಾಕ್ಟರೆಂದು ಬೋರ್ಡು ಹಾಕಿಕೊಂಡು ಅಮ್ಮನ ಜೊತೆ ಇದ್ದೆ. ಕರೆ ಬಂದ ಕಡೆಗೆಲ್ಲ ಜಟಕಾದಲ್ಲಿ ಹೋಗುತ್ತಿದ್ದೆ. ಜಟಕಾದವನು ಊಟಕ್ಕೆ ಹೋಗಿದ್ದಾನೆಂದೋ, ಕುದುರೆಗೆ ಲಾಳ ಕಟ್ಟಿಸುತ್ತಿದ್ದಾನೆಂದೋ ಹೆರಿಗೆ ಕಾಯುವುದಿಲ್ಲ. ಎರಡು ಸಲ ತಡವಾಗಿ ಹೋಗಿ ಬಾಗಿಲಲ್ಲೇ ಮನೆಯವರ ಗೋಳಾಟ ಕೇಳಿಸಿಕೊಂಡ ಮೇಲೆ ಏನಾದರಾಗಲಿ, ಒಂದು ಹಳೆಯ ಕಾರನ್ನಾದರೂ ಕೊಳ್ಳಬೇಕೆಂದು ನಿಶ್ಚಯಿಸಿದೆ.

ಅದೇ ಹೊತ್ತಿಗೆ ನಮ್ಮ ಮೇಷ್ಟ್ರು ಕಾರು ಮಾರುತ್ತಾರೆಂದು ಗೊತ್ತಾಯಿತು. ಮೇಷ್ಟ್ರು ಅಂದರೆ ನನಗೆ ಶಸ್ತ್ರಚಿಕಿತ್ಸೆ ಕಲಿಸಿದವರು. ಆಗ ನಿವೃತ್ತರಾಗಿ ಯಾದವಗಿರಿಯ ಬಂಗಲೆಯಲ್ಲಿದ್ದರು. ನಾನು ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡರು. ಓದು ಬಿಡಿಸಿ ಮದುವೆ ಮಾಡಬೇಕೆಂದು ನೆಂಟರೆಲ್ಲ ಗಂಟುಬಿದ್ದಾಗ, ಮನೆಗೇ ಬಂದು ಅಮ್ಮನೆದುರು ಕೂತು, "ಇವಳ ಓದು ನಿಲ್ಲಿಸಬೇಡಿ, ಇವಳ ಕೈ ಚೆನ್ನಾಗಿದೆ" ಎಂದು ಹೇಳಿಹೋದವರು ಅವರು. ನಾನು ಡಾಕ್ಟರಾದದ್ದು ಆ ಒಂದು ಮಾತಿನಿಂದ. ಆಪರೇಷನ್ನಿಗೆ ಮುಂಚೆ ನಮ್ಮನ್ನೆಲ್ಲ ತೊಟ್ಟಿಯ ಮುಂದೆ ಸಾಲಾಗಿ ನಿಲ್ಲಿಸಿ ಅವರು ಹೇಳುತ್ತಿದ್ದರು: "ಕೈ ತೊಳೆದದ್ದು ಸಾಕು ಅನ್ನಿಸಿದ ಮೇಲೆ ಇನ್ನೊಂದು ಸಲ ತೊಳೀರಿ. ರೋಗಿ ನಿಮ್ಮ ಉಗುರು ನೋಡೋದಿಲ್ಲ, ನಿಮ್ಮನ್ನ ನಂಬಿ ಮಲಗಿರ್ತಾಳೆ."

ಕಾರು ನೋಡಲು ಹೋದೆ. ಕಪ್ಪು ಬಣ್ಣದ ಪುಟ್ಟ ಇಂಗ್ಲಿಷ್ ಕಾರು. ಮುಖ ನೋಡಿಕೊಳ್ಳುವ ಹಾಗೆ ಹೊಳೆಯುತ್ತಿತ್ತು. ಮೇಷ್ಟ್ರೇ ಕೂತು ಸ್ಟಾರ್ಟ್ ಮಾಡಿದರು. ಸದ್ದೇ ಇರಲಿಲ್ಲ ಅನ್ನಬೇಕು, ಅಷ್ಟು ಮೆತ್ತಗೆ ಓಡುತ್ತಿತ್ತು.

"ಸಾವಿರ ಮೈಲಿಗೊಂದು ಸಲ ತಪ್ಪದೆ ಎಣ್ಣೆ ಬದಲಾಯಿಸಿದೀನಿ ಕಣಮ್ಮ. ನೀನೂ ಹಾಗೇ ಮಾಡು. ನೀನು ಅಂತ ಕೊಡ್ತಿದೀನಿ, ಬೇರೆಯವರಾಗಿದ್ರೆ ಕೊಡ್ತಿರ್ಲಿಲ್ಲ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಹಣ ಕೊಟ್ಟು, ಅವರ ಕಾಲಿಗೆ ನಮಸ್ಕಾರ ಮಾಡಿ ಬೀಗದ ಕೈ ತೆಗೆದುಕೊಂಡೆ.

ಅಮ್ಮ ಮಾತ್ರ, "ಬೆಂಡೆಕಾಯಿ ಕೊಳ್ಳೋವಾಗ ತುದಿ ಮುರಿದು ನೋಡ್ತೀಯ. ಕಾರನ್ನ ಯಾರಾದ್ರೂ ತಿಳಿದವರಿಗೆ ತೋರಿಸ್ಬಾರ್ದಿತ್ತೇನೇ?" ಎಂದಳು.

"ಮೇಷ್ಟ್ರ ಮೇಲೆ ಅನುಮಾನ ಪಡೋಕಾಗುತ್ತೇನಮ್ಮ?" ಎಂದು ಅವಳ ಮೇಲೆ ರೇಗಿದ್ದೆ.

ಎರಡು ತಿಂಗಳು ಕಾರು ಚೆನ್ನಾಗಿಯೇ ಓಡಿತು. ಜನ ನಿಂತು ನೋಡುತ್ತಿದ್ದರು. ನಾನು ಕಂಡೂ ಕಾಣದವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿಸುತ್ತಿದ್ದೆ. ಸಾವಿರ ಮೈಲಿ ತುಂಬಿದ ದಿನವೇ ಮೇಷ್ಟ್ರ ಮಾತಿನಂತೆ ಪೆಟ್ರೋಲ್ ಬಂಕಿಗೆ ಹೋಗಿ ಎಂಜಿನ್ ಎಣ್ಣೆ ಬದಲಾಯಿಸಲು ಹೇಳಿದೆ. ಅಡಿಯ ಬಿರಡೆ ಬಿಚ್ಚಿದ ಬಂಕಿನವನು ಬಹಳ ಹೊತ್ತು ಕಾದ. "ಏನ್ ಮೇಡಂ ಇದು, ಸುರೀತಾನೇ ಇಲ್ವಲ್ಲ? ಜೋನಿಬೆಲ್ಲ ಇದ್ದಂಗದೆ" ಎಂದ. ಹಳೆಯ ಎಣ್ಣೆ ಹಾಗೇ ಇರುತ್ತದೇನೋ ಎಂದುಕೊಂಡೆ. ತೆಳ್ಳಗಿನ ಹೊಸ ಎಣ್ಣೆ ಹಾಕಿಸಿಕೊಂಡು ಬಂದೆ. ಅಂದಿನಿಂದ ಎಂಜಿನ್ನಿನಲ್ಲಿ ಸಣ್ಣಗೆ ಟಕಟಕ ಸದ್ದು ಕೇಳತೊಡಗಿತು.

ನಾಲ್ಕೈದು ದಿನ ಕಳೆದಿರಬೇಕು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಹೆಬ್ಬಾಳದಿಂದ ಒಬ್ಬ ರೈತ ಸೈಕಲ್ ತುಳಿದುಕೊಂಡು ಬಂದ. ಹೆಬ್ಬಾಳ ಆಗ ಊರಾಚೆಯ ಹಳ್ಳಿ. ಸೊಸೆಗೆ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ ಎಂದ. ದಾರಿ ಕೇಳಿಕೊಂಡು, ಅವನನ್ನು ಹಿಂದಿನಿಂದ ಬಾ ಎಂದು ಹೇಳಿ, ಚೀಲವನ್ನು ಕಾರಿನೊಳಗೆ ಎಸೆದು ಹೊರಟೆ. ರೈಲ್ವೆ ಗೇಟು ದಾಟಿ ಒಂದು ಮೈಲಿ ಹೋಗಿರಬಹುದು, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬಿದ್ದುಬಿಟ್ಟಿತು. ನೋಡಿದೆ. ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು. ಆದರೆ ರಕ್ತ ಹೋಗುತ್ತಿರುವ ಆ ಸೊಸೆಯೇ ಕಣ್ಣ ಮುಂದಿದ್ದಳು, ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದೆ. ಒಳಗೆ ಯಾರೋ ಒನಕೆಯಿಂದ ಕುಟ್ಟಿದ ಹಾಗೆ ನಾಲ್ಕು ಏಟು ಕೇಳಿಸಿತು. ಕಾರು ನಿಂತಿತು. ಮತ್ತೆ ಅಲ್ಲಾಡಲಿಲ್ಲ.

ಹಿಂದೆ ಬರುತ್ತಿದ್ದ ರೈತ ಸಿಕ್ಕಿದ. "ಹತ್ಕಳಿ ಅವ್ವ" ಎಂದು ಸೈಕಲಿನ ಕ್ಯಾರಿಯರ್ ತೋರಿಸಿದ. ಮಡಿಲಲ್ಲಿ ಚೀಲ, ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಅವನ ಸೀಟಿನ ಕಂಬಿ ಹಿಡಿದು ಆ ಹಳ್ಳದಿಣ್ಣೆಯ ರಸ್ತೆಯಲ್ಲಿ ಹೋದೆ. ಪುಣ್ಯಕ್ಕೆ ಆ ಊರಿನ ಸೂಲಗಿತ್ತಿ ಬಾಣಂತಿಯ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ ಹಿಡಿದುಕೊಂಡೇ ಕೂತಿದ್ದಳು. ಅದರಿಂದಲೇ ಆ ಹುಡುಗಿ ಉಳಿದಿದ್ದಳು. ನಾನು ಇಂಜೆಕ್ಷನ್ ಕೊಟ್ಟು, ಗರ್ಭದಲ್ಲಿ ಉಳಿದಿದ್ದ ಮಾಸು ತೆಗೆದು ಎದ್ದಾಗ ಆ ಮುದುಕಿ ಕೈ ಒದರಿಕೊಳ್ಳುತ್ತ, "ನಿನ್ ಕಾರ್ ನಂಬ್ಕೊಂಡು ನಾನು ಕೈ ಬುಟ್ಟಿದ್ರೆ ಈ ಮಗೀಗೆ ತಾಯಿ ಇರ್ತಿರ್ನಿಲ್ಲ ಕಣವ್ವ" ಎಂದಳು. ಬೈದದ್ದಲ್ಲ, ಇದ್ದದ್ದನ್ನು ಹೇಳಿದಳು.

ಎತ್ತು ಕಟ್ಟಿ ಕಾರನ್ನು ಇರ್ವಿನ್ ರಸ್ತೆಯ ಹಿಂದಿನ ಗಲ್ಲಿಯ ಶೆಡ್ಡಿಗೆ ಎಳೆಸಿದೆ. ಅಲ್ಲಿನ ಮೆಕ್ಯಾನಿಕ್ ವರುಣ ಹಳ್ಳಿಯ ಕಡೆಯ ಒಕ್ಕಲು ಮನೆತನದವನು. ಯುದ್ಧದ ಕಾಲದಲ್ಲಿ ಸೈನ್ಯದ ಲಾರಿಗಳ ರಿಪೇರಿ ಮಾಡಿ ಪಳಗಿದವನು. ಊರಿನ ದೊಡ್ಡವರ ಕಾರುಗಳೆಲ್ಲ ಅವನ ಹತ್ತಿರವೇ ಬರುತ್ತಿದ್ದವು. ನನ್ನ ಕಾರನ್ನು ಒಂದು ಸುತ್ತು ಬಂದು ನೋಡಿದ. ನನ್ನ ಮುಖ ನೋಡದೆ ಎಂಜಿನ್ನಿನ ಮೇಲಿನ ಮುಚ್ಚಳದ ನಟ್ಟುಗಳನ್ನು ಬಿಚ್ಚಿದ.

ಒಳಗೆ ಕಬ್ಬಿಣ ಕಾಣಿಸಲೇ ಇಲ್ಲ. ಮುಚ್ಚಳದ ತುಂಬ, ಸ್ಪ್ರಿಂಗುಗಳ ಸಂದಿಯಲ್ಲೆಲ್ಲ ಕರಿಯ ಕೆಸರು ತುಂಬಿತ್ತು. ಆರಿದ ರಾಗಿ ಅಂಬಲಿಯಷ್ಟು ಗಟ್ಟಿ. ಅವನು ಬೆರಳಿಂದ ಬಗೆದರೆ ಬೆರಳಿನ ಗುರುತು ಹಾಗೇ ಉಳಿಯಿತು. ಸುಟ್ಟ ಹಳೆಯ ವಾಸನೆ. ಆಮೇಲೆ ಕೆಳಗಿನ ಎಣ್ಣೆತೊಟ್ಟಿ ಇಳಿಸಿದ. ಎಣ್ಣೆ ಹೀರಿ ಮೇಲಕ್ಕೆ ಕಳಿಸುವ ಪಂಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ. ಆ ಜಾಲರಿಯ ಒಂದು ಕಣ್ಣೂ ತೆರೆದಿರಲಿಲ್ಲ.

"ನೋಡಿ ಅಮ್ಮಾವ್ರೆ, ನೀವು ಹಾಕ್ಸಿದ ಹೊಸ ಎಣ್ಣೆ ಈ ಕೊಳೇನ ಕರಗ್ಸದೆ. ಅದು ಬಂದು ಜಾಲರಿಗೆ ಮೆತ್ಕೊಂಡದೆ. ಎಣ್ಣೆ ಮೇಲಕ್ಕೆ ಹತ್ಲೇ ಇಲ್ಲ, ಬೇರಿಂಗು ಸುಟ್ಟೋಯ್ತು."

"ಹಾಗಾದ್ರೆ ನನ್ನದೇ ತಪ್ಪಾ?"

"ಅಲ್ಲ ಬುಡಿ. ಇದು ಎರಡು ತಿಂಗಳ ಕೊಳೆ ಅಲ್ಲ. ಐದಾರು ವರ್ಸದಿಂದ ಎಣ್ಣೇನೇ ಬದಲಾಯ್ಸಿಲ್ಲ. ಕಮ್ಮಿ ಆದಾಗೆಲ್ಲ ಮೇಲಿಂದ ಉಯ್ಕೊಂಡ್ ಬಂದವ್ರೆ, ಅಷ್ಟೆ."

"ಮೇಷ್ಟ್ರು ಸಾವಿರ ಮೈಲಿಗೊಂದು ಸಲ ಬದಲಾಯಿಸಿದೀನಿ ಅಂದ್ರಲ್ಲ?"

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಸುಳ್ಯಾಕೆ ಯೋಳ್ಲಿ. ಮಾರೋಕ್ ಮುಂಚೆ ಈ ಗಾಡಿ ನನ್ ತಾವೇ ಬಂದಿತ್ತು. ಸದ್ದು ಬತ್ತಾ ಇತ್ತು. ಒಳಗೆಲ್ಲ ಕೊಳೆ ಕೂತದೆ, ಎಂಜಿನ್ ಬಿಚ್ಬೇಕು ಬುದ್ದಿ ಅಂದೆ. ಬಿಚ್ಚೋದೇನೂ ಬೇಡ, ಸದ್ದು ಅಡಗಿಸ್ಕೊಡು ಸಾಕು, ಮಾರ್ಬುಡ್ತೀನಿ ಅಂದ್ರು. ಗೇರಿಗೆ ಹಾಕೋ ಮಂದ ಎಣ್ಣೆ ತಂದು ನಾನೇ ಉಯ್ದೆ."

ನಾನು ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕೂತೆ. "ಯಾರಿಗೆ ಮಾರ್ತಾರೆ ಅಂತ ಹೇಳಿದ್ರಾ?"

"ನಮ್ ಕೈಲಿ ಓದ್ದೋಳು ಒಬ್ಳು ಡಾಕ್ಟ್ರು ತಗೋತಾಳೆ ಅಂದ್ರು. ಯಾರಿಗಾದ್ರೂ ತೋರುಸ್ಬುಟ್ರೆ ಏನ್ ಮಾಡೀರಿ ಬುದ್ದಿ ಅಂದೆ." ತಲೆ ತಗ್ಗಿಸಿದ. "ಅವಳು ತೋರ್ಸಲ್ಲ, ನಾನು ಹೇಳಿದ್ರೆ ಮುಗೀತು ಅಂದ್ರು."

ಕೊಳೆ ತೆಗೆಯಲು ಮೂರು ದಿನ ಹಿಡಿಯಿತು. ಸೀಮೆಎಣ್ಣೆಯಲ್ಲಿ ಭಾಗಗಳನ್ನು ನೆನೆಹಾಕುವುದು, ಬಿದಿರಿನ ಚಕ್ಕೆಯಿಂದ ಹೆರೆಯುವುದು, ಬ್ರಷ್ಷಿನಿಂದ ಉಜ್ಜುವುದು, ಮತ್ತೆ ನೆನೆಹಾಕುವುದು. ಎರಡನೆಯ ದಿನ ನಾನೂ ಸೆರಗು ಸಿಕ್ಕಿಸಿಕೊಂಡು ಕೂತು ಉಜ್ಜಿದೆ. ಮೆಕ್ಯಾನಿಕ್ ಬೇಡ ಬೇಡ ಅಂದ. ನನಗೆ ಸುಮ್ಮನೆ ಕೂರಲಾಗುತ್ತಿರಲಿಲ್ಲ. ಹೆರೆದಷ್ಟೂ ಬರುತ್ತಿತ್ತು. ಎಣ್ಣೆ ಹರಿಯುವ ಸಣ್ಣ ರಂಧ್ರಗಳಿಗೆ ತಂತಿ ಹಾಕಿ ಎಳೆದರೆ ಕರಿಯ ಹುಳುವಿನ ಹಾಗೆ ಕೊಳೆ ಹೊರಗೆ ಬರುತ್ತಿತ್ತು. ಸಂಜೆ ಮನೆಗೆ ಬಂದು ಸೀಗೆಪುಡಿ, ಸೋಪು, ಹುಣಸೆಹಣ್ಣು ಎಲ್ಲ ಹಾಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ತೊಟ್ಟಿಯ ಮುಂದೆ ನಿಲ್ಲಿಸಿ ಕೈ ತೊಳೆಯುವುದನ್ನು ಕಲಿಸಿದ ದನಿ ನೆನಪಾಗಿ ಬಚ್ಚಲಲ್ಲೇ ಅತ್ತೆ. ಆ ಪಾಠ ಸುಳ್ಳಾಗಿರಲಿಲ್ಲ. ಅದನ್ನು ಕಲಿಸಿದವರೇ ಹೀಗೂ ಮಾಡಬಲ್ಲರು ಅನ್ನುವುದು ನನ್ನ ತಲೆಗೆ ಇಳಿಯಲೇ ಇಲ್ಲ.

ಒಂದು ಗಾಜಿನ ಸೀಸೆಯಲ್ಲಿ ಆ ಕೆಸರನ್ನು ತುಂಬಿಕೊಂಡು ಯಾದವಗಿರಿಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಸೀಸೆಯನ್ನು ಅವರ ಮುಂದಿಟ್ಟೆ.

"ಏನಮ್ಮ ಇದು?"

"ನಿಮ್ಮ ಕಾರಿನ ಎಂಜಿನ್ನಲ್ಲಿ ಇತ್ತು ಸರ್."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಇರುತ್ತೆ. ಬಂಕಲ್ಲಿ ಯಾವ ಎಣ್ಣೆ ಹಾಕಿಸ್ದೆಯೋ ಏನೋ. ನನ್ನ ಹತ್ರ ಇರೋ ತನಕ ಅದು ಒಂದು ದಿನ ನಿಂತದ್ದಿಲ್ಲ."

"ಸದ್ದು ಅಡಗಿಸೋಕೆ ಮಂದ ಎಣ್ಣೆ ಹಾಕಿಸಿದ್ರಂತೆ. ಅವಳು ಯಾರಿಗೂ ತೋರಿಸಲ್ಲ ಅಂದ್ರಂತೆ."

ಅವರ ಮುಖ ಕೆಂಪಗಾಯಿತು. "ಯಾವನೋ ಮೆಕ್ಯಾನಿಕ್ ಮಾತು ಕಟ್ಕೊಂಡು ನನ್ನ ಮನೆಗೆ ಬಂದಿದೀಯಾ? ನಿನಗೆ ಏನೇನು ಮಾಡಿದೀನಿ ಅಂತ ನೆನಪಿದೆಯಾ?"

"ಎಲ್ಲಾ ನೆನಪಿದೆ ಸರ್. ಅದಕ್ಕೇ ಯಾರಿಗೂ ತೋರಿಸಲಿಲ್ಲ."

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಮೇಷ್ಟ್ರು ಬೇಗ ಬೇಗ ಪೇಪರನ್ನು ಸೀಸೆಯ ಮೇಲೆ ಮುಚ್ಚಿದರು. ತಪ್ಪಾಯಿತು ಅನ್ನುವ ಒಂದು ಮಾತು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಕಾಫಿ ಕುಡಿಯದೆ ಎದ್ದುಬಂದೆ.

ಹದಿನೈದು ದಿನ ಕಳೆಯುವಷ್ಟರಲ್ಲಿ ಔಷಧಿ ಅಂಗಡಿಯವರು ನನ್ನನ್ನು ನೋಡಿ ನಕ್ಕು, "ಮೇಷ್ಟ್ರು ಅಷ್ಟು ಜೋಪಾನವಾಗಿ ಇಟ್ಕೊಂಡಿದ್ದ ಗಾಡೀನ ಎರಡೇ ತಿಂಗಳಿಗೆ ಕೆಡಿಸಿಬಿಟ್ರಂತಲ್ಲಾ ಡಾಕ್ಟ್ರೆ? ಎಂಜಿನ್ ವಿಷಯ ಹೆಂಗಸರಿಗೆ ಎಲ್ಲಿ ತಿಳಿಯುತ್ತೆ ಬಿಡಿ" ಎಂದರು. ಕ್ಲಬ್ಬಿನಲ್ಲಿ ಮೇಷ್ಟ್ರೇ ಹೇಳಿದರಂತೆ. ಅವರ ಮಾತನ್ನು ಎಲ್ಲರೂ ನಂಬಿದ್ದರು. ಎರಡು ತಿಂಗಳ ಹಿಂದಾದರೆ ನಾನೂ ನಂಬುತ್ತಿದ್ದೆ.

ನೇರ ಮೆಕ್ಯಾನಿಕ್ಕನ ಹತ್ತಿರ ಹೋಗಿ, ನಿಜ ಏನೆಂದು ನಾಲ್ಕು ಜನರ ಮುಂದೆ ಹೇಳು ಎಂದು ಕೇಳಿದೆ. ಅವನು ಕೈ ಮುಗಿದ. "ಈ ಶೆಡ್ಗೆ ಬರೋ ಗಾಡಿಗಳೆಲ್ಲ ಅವ್ರ ಸ್ನೇಹಿತರ್ದೇಯ. ನಿಮ್ ಮುಂದೆ ಯೋಳ್ದೆ, ನನ್ ಮನಸ್ಸು ತಡೀನಿಲ್ಲ. ಇನ್ನೊಬ್ರ ಮುಂದೆ ಯೋಳಕಾಗಾಕಿಲ್ಲ ಅಮ್ಮಾವ್ರೆ, ಬೈಕೋಬ್ಯಾಡಿ." ಬೈಯಲಿಲ್ಲ. ಆದರೆ ಆ ದಿನ ಮನೆಗೆ ನಡೆದು ಬರುವಾಗ ಇಡೀ ಊರಿನಲ್ಲಿ ನನ್ನ ಕಡೆಗೆ ಒಬ್ಬರೂ ಇಲ್ಲ ಅನ್ನಿಸಿತು.

ಬೇರಿಂಗು ಹೊಸದಾಗಿ ಕಟ್ಟಿಸಿದ ಮೇಲೆ ಕಾರು ಓಡಿತು, ಮತ್ತೆ ಆರು ವರ್ಷ ಓಡಿತು. ಎಣ್ಣೆ ಬದಲಾಯಿಸುವಾಗ ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಏರಿನಲ್ಲಿ ಮಾತ್ರ ಅದು ಕೊನೆಯ ತನಕ ಟಕಟಕ ಅನ್ನುವುದನ್ನು ಬಿಡಲಿಲ್ಲ.

ಎರಡು ವರ್ಷ ಕಳೆದ ಮೇಲೆ ಡಾಕ್ಟರುಗಳ ಒಂದು ಕೂಟದಲ್ಲಿ ಮೇಷ್ಟ್ರು ಎದುರಾದರು. ಎಲ್ಲರ ನಡುವೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವಳು ನನ್ನ ಶಿಷ್ಯೆ" ಎಂದು ಹೆಮ್ಮೆಯಿಂದ ಹೇಳಿ, ನಗುತ್ತ ಕೇಳಿದರು, "ಗಾಡಿ ಹೇಗಿದೆಯಮ್ಮ?"

ಹತ್ತು ಜನ ನನ್ನ ಬಾಯಿ ನೋಡುತ್ತಿದ್ದರು.

"ಚೆನ್ನಾಗಿದೆ ಸರ್" ಎಂದೆ.

ಮನೆಗೆ ಬಂದು ನನ್ನ ಮೇಲೇ ಎಷ್ಟು ಅಸಹ್ಯ ಪಟ್ಟುಕೊಂಡೆನೆಂದು ಹೇಳಲಾರೆ. ಮಾರನೆಯ ದಿನ ಬೆಳಿಗ್ಗೆ ಕೂತು, ಅಲ್ಲಿ ಹೇಳಬೇಕಾಗಿದ್ದದ್ದನ್ನೆಲ್ಲ ಎರಡು ಪುಟ ಬರೆದೆ. ಹೆಬ್ಬಾಳದ ಹುಡುಗಿಯ ವಿಷಯವನ್ನೂ ಬರೆದೆ. ಮನಸ್ಸು ಬದಲಾಗುವ ಮುಂಚೆ ಟಪಾಲು ಡಬ್ಬಿಗೆ ಹಾಕಿದೆ. ಉತ್ತರ ಬರಲಿಲ್ಲ. ಆಮೇಲೆ ಅವರು ನನ್ನನ್ನು ಕಂಡರೆ ಬೇರೆ ಕಡೆ ತಿರುಗಿ ನಡೆಯುತ್ತಿದ್ದರು.

ಬಹಳ ತಿಂಗಳ ಮೇಲೆ ಮೇಷ್ಟ್ರ ಹೆಂಡತಿ ತಮ್ಮ ತಂಗಿಯ ಮಗಳನ್ನು ತೋರಿಸಲು ನನ್ನ ಕೋಣೆಗೆ ಬಂದರು. ಪರೀಕ್ಷೆಯೆಲ್ಲ ಮುಗಿದು ಹುಡುಗಿ ಹೊರಗೆ ಹೋದ ಮೇಲೆ ಬಾಗಿಲ ಹತ್ತಿರ ನಿಂತರು.

"ನಿನ್ನ ಕಾಗದ ನಾನೂ ಓದಿದೆ ಕಣಮ್ಮ" ಎಂದರು.

ಅವರು ನನ್ನ ಕೈ ಹಿಡಿದು ಒಂದು ಸಲ ಅದುಮಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಟ್ಟಿಲಿಳಿದು ಹೋದರು.