ಹಡಗಿನ ಮೇಲೆ ಕರೆವ್ವನ ಶಾಲು

ದುಂಡಸಿಯ ಬಸ್‌ಸ್ಟ್ಯಾಂಡಿನ ಎದುರು ಕರೆವ್ವನ ಬೀಜ-ಗೊಬ್ಬರದ ಅಂಗಡಿ. ಗಂಡ ತೀರಿಕೊಂಡಾಗ, ಹೆಂಗಸಿನ ಕೈಯಲ್ಲಿ ಅಂಗಡಿ ಎಷ್ಟು ದಿನ ನಡೆದೀತು ಎಂದು ಆಡಿಕೊಂಡವರೇ ಈಗ ಗೋವಿನಜೋಳದ ಬೀಜಕ್ಕೆ ಅವಳ ಕಟ್ಟೆಯ ಮೇಲೆ ಕಾಯುತ್ತ ಕೂರುತ್ತಾರೆ. ಈ ವರ್ಷ ಬೀಜದ ಕಂಪನಿ, ಹೆಚ್ಚು ಮಾರಿದ ಅಂಗಡಿಕಾರರನ್ನೆಲ್ಲ ಮುಂಬೈಯಿಂದ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಕರೆದೊಯ್ದಿತು. ಜೊತೆಗೊಬ್ಬರನ್ನು ತರಬಹುದಿತ್ತು. ಉಳಿದವರು ಹೆಂಡಿರನ್ನೋ ತಾಯಂದಿರನ್ನೋ ತಂದರು. ಹೆಂಗಸೊಬ್ಬಳೇ ಸಮುದ್ರದ ಮೇಲೆ ಹೋಗುವುದೆಂದರೇನು ಎಂದು ಮನೆಯವರು ಹಟ ಹಿಡಿದದ್ದರಿಂದ ಕರೆವ್ವ ಮೈದುನ ಉಡಚಪ್ಪನನ್ನು ಕರೆದುಕೊಂಡು ಬಂದಳು.

ತಪ್ಪಾದದ್ದು ಅಲ್ಲೇ. ಹಡಗು ಹತ್ತಿದ ಗಳಿಗೆಯಿಂದ ಎಲ್ಲರೂ ಉಡಚಪ್ಪನನ್ನೇ ಸಾಹುಕಾರ ಎನ್ನತೊಡಗಿದರು. ಕಳೆಯ ಔಷಧಿ ಯಾವುದು, ಹುಳದ ಔಷಧಿ ಯಾವುದು ಎಂದು ತಿಳಿಯದ ಆ ಪುಣ್ಯಾತ್ಮ ಮೀಸೆ ತಿರುವಿಕೊಂಡು ಓಡಾಡಿದ. ದಂಡೆ ಮುಟ್ಟಿದರೆ ಮುಗಿಯುವ ಸಾಹುಕಾರಿಕೆ, ಇರಲಿ ಎಂದು ಕರೆವ್ವ ನಕ್ಕು ಸುಮ್ಮನಿದ್ದಳು.

ಮರಳುವ ಹಾದಿಯಲ್ಲಿ, ಮುಂಬೈಗೆ ಇನ್ನೊಂದು ದಿನವಿದೆ ಎನ್ನುವಾಗ, ಕಂಪನಿಯ ಪ್ರಶಾಂತ ಕೊನೆಯ ಸಂಜೆಯ ಕಾರ್ಯಕ್ರಮ ಹೇಳಲು ಬಂದ. ಅಂಗಡಿಕಾರರಿಗೆ ವೇದಿಕೆಯ ಮೇಲೆ ಶಾಲು, ಅವರ ಹೆಂಡಿರಿಗೆ ಕೆಳಗೆ ಉಡಿ ತುಂಬುವುದು. ಹೇಳುತ್ತ ಹೇಳುತ್ತ ಕರೆವ್ವನ ಬರಿ ಹಣೆ ನೋಡಿ ತಡವರಿಸಿದ. ಶಾಲನ್ನು ಉಡಚಪ್ಪನವರಿಗೇ ಹೊದಿಸೋಣ ಎಂದ. ಉಡಿಯ ಮಾತನ್ನು ಅಲ್ಲಿಗೇ ನುಂಗಿದ. ಉಡಚಪ್ಪ ಬೇಡ ಎನ್ನಲಿಲ್ಲ.

ಕರೆವ್ವನಿಗೆ ಮೈಯೆಲ್ಲ ಉರಿಯಿತು. ಬಿತ್ತನೆಯ ದಿನಗಳಲ್ಲಿ ಚಹಾ ಕುಡಿಯಲೂ ಪುರುಸೊತ್ತಿಲ್ಲದೆ ಚೀಲ ಎತ್ತಿದವಳು ತಾನು, ಬೀಜ ಮೊಳೆಯದಿದ್ದಾಗ ರೈತರ ಬೈಗುಳ ತಿಂದವಳು ತಾನು. ಇಲ್ಲಿ ಶಾಲು ಬಿಟ್ಟುಕೊಟ್ಟರೆ ಊರು ಮುಟ್ಟುವಷ್ಟರಲ್ಲಿ ಅಂಗಡಿಯೂ ಅವನದಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ದುಂಡಸಿಯ ಅಂಗಡಿಯ ಹೆಸರು ಕೂಗಿದ್ದೇ ತಡ, ಉಡಚಪ್ಪ ಅಂಗಿ ಸರಿಮಾಡಿಕೊಂಡು ಎದ್ದ. ಅಷ್ಟರಲ್ಲಿ ಕರೆವ್ವ ಮೆಟ್ಟಿಲೇರಿ ಆಗಿತ್ತು. ಹಡಗು ಹೊಯ್ದಾಡುತ್ತಿತ್ತು. ಅವಳು ಕಂಬ ಹಿಡಿದು ನಿಂತಳು.

"ಕುಂದ್ರು ಉಡಚಪ್ಪ," ಎಂದಳು. "ನಿನ್ನ ಜತಿಗಂತ ಕರ್ಕೊಂಡ ಬಂದೇನಿ. ಅಂಗಡಿ ನಿನ್ನ ಕೈಯಾಗ ಕೊಟ್ಟಿಲ್ಲ."

ಪ್ರಶಾಂತ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿ, ಶಾಲನ್ನು ಕರೆವ್ವನಿಗೇ ಹೊದಿಸಿದ.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಿದ್ದರು. ಕರೆವ್ವ ಇಳಿದವಳೇ ನೆಟ್ಟಗೆ ಹೆಂಗಸರ ಸಾಲಿಗೆ ಹೋದಳು. ಅಲ್ಲಿ ಹಾನಗಲ್ಲಿನ ಅಂಗಡಿಕಾರನ ಹೆಂಡತಿ ವಿದ್ಯಾ ಅಕ್ಕಿ, ಉತ್ತತ್ತಿ, ಕೊಬ್ಬರಿ ಇಟ್ಟುಕೊಂಡು ಮುತ್ತೈದೆಯರ ಉಡಿ ತುಂಬುತ್ತಿದ್ದಳು. ಕರೆವ್ವನನ್ನು ಕಂಡು ಅವಳ ಕೈ ನಿಂತಿತು. ಶಾಲು ಸಿಕ್ಕಿತಲ್ಲ, ಇನ್ನೇನು ಎಂದು ಹಿಂದೆ ಯಾರೋ ಗೊಣಗಿದರು.

ಕರೆವ್ವ ಸೆರಗು ಒಡ್ಡಿದಳು. "ಶಾಲು ಯಾಪಾರಕ್ಕ ಬಂತು. ನಾ ಹೆಂಗಸು ಅನ್ನೂದು ಎಲ್ಲಿ ಹೋತು? ಹಾಕ ತಂಗಿ. ನೀ ಹಾಕೂತನಕ ನಾ ಇಲ್ಲಿಂದ ಸರಿಯಂಗಿಲ್ಲ."

ವಿದ್ಯಾ ಸುತ್ತಲಿನವರ ಮುಖ ನೋಡಿದಳು. ಆಮೇಲೆ ಬೊಗಸೆ ತುಂಬ ಅಕ್ಕಿ ತೆಗೆದು ಕರೆವ್ವನ ಸೆರಗಿಗೆ ಸುರಿದಳು. ಮೂಲೆಯ ಕುರ್ಚಿಯಲ್ಲಿ ಅಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ಕೂತಿದ್ದ, ಸವಣೂರಿನ ಅಂಗಡಿಕಾರನ ವಿಧವೆ ತಾಯಿ ಎದ್ದು ಬಂದು, ತಾನೂ ಸೆರಗು ಒಡ್ಡಿಕೊಂಡು ಕರೆವ್ವನ ಹಿಂದೆ ನಿಂತಳು.