ಟೀಚರಮ್ಮನ ಕನ್ನಡ, ಶೈಲಾಳ ಲಿನಕ್ಸ್

1997ರಲ್ಲಿ ನಾನು ಚಾಮರಾಜನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಆ ವರ್ಷದ ಡೈರಿ ಈಗಲೂ ನನ್ನ ಬಳಿ ಇದೆ. ಗೆಟ್ಟವಾಡಿಗೆ ಹೋದ ದಿನದ ಪುಟದಲ್ಲಿರುವುದು ಇಷ್ಟೇ: 'ಟೀಚರ್ ಮನೆ. ಡಿಸ್ಕ್ ಭಾಗ ಮಾಡದೆ ಲಿನಕ್ಸ್ ಹಾಕಿದೆ.' ಉಳಿದದ್ದೆಲ್ಲ ನೆನಪು. ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಸಂಶಯವಿರುವ ಕಡೆ ಹಾಗೆಂದೇ ಹೇಳುತ್ತೇನೆ.

ಗೆಟ್ಟವಾಡಿ ರಾಜ್ಯದ ಗಡಿಯಾಚೆ, ಆಡಳಿತವೆಲ್ಲ ತಮಿಳಿನಲ್ಲಿರುವ ತಾಳವಾಡಿ ಸೀಮೆಯ ಊರು. ಅಲ್ಲಿಯ ಮಹದೇವಮ್ಮ ಟೀಚರ್ ಹತ್ತಿರದ ಶಾಲೆಯೊಂದರಲ್ಲಿ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದರು. ಪಬ್ಲಿಕ್ ಪರೀಕ್ಷೆಗೆ ಬೇಕಾದ ಗೈಡುಗಳು ತಮಿಳಿನಲ್ಲಿ ಸಿಗುತ್ತಿದ್ದವು, ಕನ್ನಡದಲ್ಲಿ ಇರಲಿಲ್ಲ. ಹಾಗಾಗಿ ಮನೆಯ ಹಳೆಯ 486 ಕಂಪ್ಯೂಟರಿನಲ್ಲಿ ಪಾಠಗಳ ಟಿಪ್ಪಣಿಯನ್ನು ತಾವೇ ಟೈಪ್ ಮಾಡಿ, ಅಚ್ಚು ತೆಗೆದು ಮಕ್ಕಳಿಗೆ ಕೊಡುತ್ತಿದ್ದರು. ಆ ಕನ್ನಡ ತಂತ್ರಾಂಶ ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾತ್ರ ನಡೆಯುತ್ತಿತ್ತು.

ಮಗಳು ಶೈಲಾ ಘಟ್ಟದ ಕೆಳಗಿನ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದವಳು ರಜೆಗೆ ಬಂದಿದ್ದಳು. ರಜೆ ಮುಗಿದ ಕೂಡಲೇ ಯುನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನ ಪ್ರಾಕ್ಟಿಕಲ್ ಪರೀಕ್ಷೆ. ಹಿಂದಿನ ಸಲ ಅದರಲ್ಲೇ ಫೇಲಾಗಿದ್ದಳು. ಯುನಿಕ್ಸ್‌ನಂತೆಯೇ ಕೆಲಸ ಮಾಡುವ, ಮನೆಯ ಯಂತ್ರಕ್ಕೂ ಹಾಕಬಹುದಾದ ಸಿಸ್ಟಮ್ ಎಂದರೆ ಲಿನಕ್ಸ್. ಅದನ್ನು ಹಾಕಿಸಲೆಂದೇ ನನ್ನನ್ನು ಕರೆಸಿದ್ದರು.

"ಲ್ಯಾಬಲ್ಲಿ ಒಂದ್ ಮಿಸಿನ್ಗೆ ಮೂರ್ ಜನ ಸಾರ್. ಕೀಬೋರ್ಡು ನನ್ ಕೈಗೆ ಬರೊ ಅಷ್ಟೊತ್ಗೆ ಬೆಲ್ ಒಡೀತದೆ," ಎಂದಳು ಶೈಲಾ.

"ಇಲ್ಲೂ ಮಿಸಿನ್ ಒಂದೇ ಕಣಮ್ಮಿ. ನನ್ ಪಾಠ ಎಲ್ಲಿಗೋಗ್ಬೇಕು?" ಎಂದರು ತಾಯಿ.

"ನಿನ್ ಪಾಠ ಯಾರ್ ಕದ್ದಾರವ್ವ? ಅದ್ರ ಅಕ್ಸರ ನೋಡುದ್ರೆ ಇರುವೆ ಸಾಲು ದಾರಿ ತಪ್ದಂಗದೆ."

"ಆ ಇರುವೆನೇ ಓದ್ಕಂಡು ಐಕ್ಳು ಪಾಸಾಯ್ತಾವೆ. ನೀನು ಇಂಗ್ಲೀಸಲ್ಲಿ ಓದಿ ಏನಾದೆ?"

ನಾನು ಫ್ಲಾಪಿಗಳ ಚೀಲ ಬಿಚ್ಚಿದೆ.

ಇಂಥ ಕೆಲಸಕ್ಕೆ ನನ್ನದೊಂದು ಕ್ರಮವಿತ್ತು. ಮೊದಲು ಫೈಲುಗಳನ್ನು ಫ್ಲಾಪಿಗೆ ನಕಲು ಮಾಡುವುದು. ಆಮೇಲೆ ಡಿಸ್ಕಿನಲ್ಲಿ ಚದುರಿರುವುದನ್ನೆಲ್ಲ ಮುಂಭಾಗಕ್ಕೆ ಒತ್ತರಿಸುವುದು. ಇದಕ್ಕೆ ಡಿಫ್ರಾಗ್ ಎನ್ನುತ್ತಾರೆ. ಹಿಂಭಾಗ ಖಾಲಿಯಾದ ಮೇಲೆ ಡಿಸ್ಕನ್ನು ಎರಡು ಪಾರ್ಟಿಷನ್ ಮಾಡಿ, ಖಾಲಿ ಭಾಗಕ್ಕೆ ಹೊಸ ಸಿಸ್ಟಮ್ ಹಾಕುವುದು.

ಅಂದು ಡಿಫ್ರಾಗ್ ಮುಗಿದರೂ ಡಿಸ್ಕಿನ ತುತ್ತತುದಿಯಲ್ಲಿ ಒಂದು ಫೈಲು ಕದಲದೆ ಕುಳಿತಿತ್ತು. ಅದು ಅಲ್ಲಿರುವವರೆಗೆ ಡಿಸ್ಕ್ ಭಾಗವಾಗುವುದಿಲ್ಲ. ಅದನ್ನು ಬಲವಂತವಾಗಿ ಜರುಗಿಸುವ ಆಜ್ಞೆಯೂ ಇದೆ. ಅದನ್ನು ಟೈಪ್ ಮಾಡಿ ಎಂಟರ್ ಒತ್ತುವುದರಲ್ಲಿದ್ದೆ.

"ಅದೇನ್ ಸಾರ್, ಅಷ್ಟು ಮೊಂಡಾಟ ಮಾಡ್ತಿರೋದು?" ಎಂದು ಟೀಚರ್ ಕೇಳಿದರು.

ಉತ್ತರ ಹೇಳಬೇಕಲ್ಲ ಎಂದು ಫೈಲಿನ ಹೆಸರನ್ನು ಸರಿಯಾಗಿ ನೋಡಿದೆ. ಅದು ಕನ್ನಡ ತಂತ್ರಾಂಶದ್ದು. ಕದ್ದು ನಕಲು ಮಾಡಬಾರದೆಂದು ಆಗ ಕೆಲವು ತಂತ್ರಾಂಶಗಳು ಡಿಸ್ಕಿನ ಒಂದು ನಿಗದಿತ ಜಾಗದಲ್ಲಿ ಗುಟ್ಟಾಗಿ ಗುರುತು ಇಡುತ್ತಿದ್ದವು. ಗುರುತು ಜಾಗ ಬದಲಿಸಿದರೆ ತಂತ್ರಾಂಶ ತೆರೆಯುವುದೇ ಇಲ್ಲ. ಅದರ ಮೂಲ ಫ್ಲಾಪಿಗೆ ಬೂಷ್ಟು ಹಿಡಿದಿತ್ತು, ಮತ್ತೆ ಹಾಕುವಂತಿರಲಿಲ್ಲ. ನಾನು ನಕಲು ಮಾಡಿಟ್ಟ ಪಾಠಗಳು ಉಳಿಯುತ್ತಿದ್ದವು, ಆದರೆ ಅವನ್ನು ತೆರೆಯುವ ತಂತ್ರಾಂಶ ಇರುತ್ತಿರಲಿಲ್ಲ.

ಇದನ್ನು ಇಬ್ಬರಿಗೂ ಹೇಳಿದೆ. ಟೀಚರ್ ಕೂಡಲೇ ಹೇಳಿದರು:

"ಓಗ್ಲಿ ಬುಡಿ ಸಾರ್, ಇವಳ್ದು ಆಕ್ಬುಡಿ. ನಾನು ಕೈಲೇ ಬರ್ಕತೀನಿ."

"ಬ್ಯಾಡ," ಎಂದಳು ಶೈಲಾ. ದನಿ ಜೋರಾಗಿಯೇ ಇತ್ತು. "ಅಷ್ಟೂ ಪಾಠವ ಕೈಲಿ ಬರ್ದೀಯಾ? ನಾನು ಇನ್ನೊಂದ್ ಸಲ ಫೇಲಾದ್ರೆ ನಾನೊಬ್ಳೇ ಫೇಲಾಗದು ಕಣವ್ವ."

ಡಿಸ್ಕನ್ನು ಭಾಗ ಮಾಡದೆ ಗತಿಯಿಲ್ಲ ಎಂದು ನಾನು ಮತ್ತೆ ವಿವರಿಸತೊಡಗಿದೆ. ಆಗ ಒಬ್ಬರು ಹೇಳಿದರು: "ರಾಗಿ ಒಲ್ದಲ್ಲಿ ಅವರೆ ಅಕ್ಕಡಿ ಬುಡಕಿಲ್ವಾ? ಅದ್ಕೇನ್ ಮದ್ಯಕ್ಕೆ ಬದ ಆಕಾರಾ?" ರಾಗಿಯ ಸಾಲುಗಳ ನಡುವೆ ಅವರೆಯನ್ನೂ ಬಿತ್ತುವುದಕ್ಕೆ ಅಲ್ಲಿ ಅಕ್ಕಡಿ ಎನ್ನುತ್ತಾರೆ; ಬದ ಎಂದರೆ ಹೊಲವನ್ನು ಭಾಗ ಮಾಡುವ ಬದು. ಈ ಮಾತು ಶೈಲಾಳದು ಎಂದೇ ನನ್ನ ನೆನಪು. ಇತ್ತೀಚೆಗೆ ಫೋನಿನಲ್ಲಿ ಕೇಳಿದಾಗ ಅವಳು, "ನಾನಲ್ಲ ಸಾರ್, ಅವ್ವ ಅಂದಿದ್ದು," ಎಂದಳು. ಈ ಮಾತಿನಿಂದಲೇ ನನಗೆ ದಾರಿ ಹೊಳೆಯಿತೋ, ಹೊಳೆದ ಮೇಲೆ ಮಾತು ಬಂತೋ, ಅದೂ ಈಗ ಗೊತ್ತಿಲ್ಲ.

ದಾರಿಯಂತೂ ಚೀಲದಲ್ಲೇ ಇತ್ತು. ಡಿಸ್ಕ್ ಭಾಗ ಮಾಡದೆ, ಡಾಸ್‌ನ ಒಂದು ಫೋಲ್ಡರಿನೊಳಗೆ ಉಳಿದ ಫೈಲುಗಳಂತೆಯೇ ಲಿನಕ್ಸನ್ನು ಇರಿಸುವ ವಿಧಾನ. ನಿಧಾನ ಎಂದು ಅದನ್ನು ನಾನು ಎಂದೂ ಬಳಸಿರಲಿಲ್ಲ, ಅರೆಬರೆ ಕೆಲಸ ಎಂದುಕೊಂಡಿದ್ದೆ. ಒಂದಾದ ಮೇಲೊಂದು ಫ್ಲಾಪಿ ಹಾಕುತ್ತ ಮಧ್ಯಾಹ್ನವೆಲ್ಲ ಕಳೆಯಿತು. ನಡುವೆ ಟೀಚರ್ ಮುದ್ದೆ, ಉಪ್ಸಾರು ಬಡಿಸಿದರು. ಸಂಜೆಯ ಹೊತ್ತಿಗೆ ಕಪ್ಪು ಪರದೆಯಲ್ಲಿ ಲಿನಕ್ಸ್ ಲಾಗಿನ್ ಕೇಳಿತು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ ಟೀಚರ ತಂತ್ರಾಂಶ ತೆರೆದೆ. ಬೆಳಕಿನ ವಕ್ರೀಭವನದ ಪಾಠ ಅವರು ನಿಲ್ಲಿಸಿದ ಸಾಲಿನಲ್ಲೇ ಇತ್ತು.

ಕೊನೆಗೆ, ಯಂತ್ರ ಹಚ್ಚಿದಾಗ ಆಯ್ಕೆ ಕೇಳುವ ಮೆನು ಬರೆದೆ: 1. ಅವ್ವ, 2. ಶೈಲಾ. ಇಂಗ್ಲಿಷ್ ಅಕ್ಷರಗಳಲ್ಲಿ. "ಯಾರೂ ಏನೂ ಒತ್ತದಿದ್ದರೆ ಯಾವುದು ತಾನಾಗಿ ಶುರುವಾಗಬೇಕು?" ಎಂದು ಕೇಳಿದೆ.

"ಅವ್ವಂದೇ ಇರ್ಲಿ ಸಾರ್. ನಂಗೆ ಬೇಕಾದಾಗ ನಾನೇ ಎಬ್ಬುಸ್ಕತೀನಿ," ಎಂದಳು ಶೈಲಾ.

"ನೋಡುದ್ರಾ ಸಾರ್, ಒಂದ್ ಅಂತ ಒತ್ತಾಕೆ ನಂಗೆ ಬರಕಿಲ್ಲ ಅನ್ಕಂಡವಳೆ," ಎಂದು ಟೀಚರ್ ನಕ್ಕರು.

ಶೈಲಾ ಆ ಸಲ ಪಾಸಾದಳು. ಅದು ಲಿನಕ್ಸ್‌ನಿಂದಲೇ ಎಂದು ಹೇಳಲಾರೆ.

ಆಮೇಲೆ ಬಹಳ ವರ್ಷ ಇದೇ ಕೆಲಸ ಮಾಡಿದೆ. ಅಲ್ಲಿಯವರೆಗೆ ಯಾರ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ 'ಏನು ಹಾಕಬೇಕು?' ಎಂದಿರುತ್ತಿತ್ತು. ಗೆಟ್ಟವಾಡಿಯ ನಂತರ ಅದು 'ಯಾವುದನ್ನು ಅಲುಗಿಸಬಾರದು?' ಎಂದಾಯಿತು. ಹೆಚ್ಚಿನವರಿಗೆ ತಟ್ಟನೆ ಉತ್ತರ ಹೊಳೆಯುತ್ತಿರಲಿಲ್ಲ. ಹೊಳೆಯುವವರೆಗೆ ನಾನು ಚೀಲ ಬಿಚ್ಚದೆ ಕೂತಿರುತ್ತಿದ್ದೆ.